ಉದರವಾಯುವಿನ ಚರಿತ್ರೆ

ಸಭ್ಯರ ಗೋಷ್ಠಿಯಲ್ಲಿ ಎತ್ತಬಾರದ ವಿಷಯಗಳು ಕೆಲವುಂಟು. ಈ ದಿನದ ವಿಷಯವೂ ಅವುಗಳಲ್ಲಿ ಒಂದೆಂದು ಬಹುಮಂದಿ ಭಾವಿಸುವರು. ಆದರೆ ಶ್ರೋತೃಗಳಲ್ಲಿ ಇದರ ಅನುಭವವಿಲ್ಲದವರು ಯಾರೂ ಇರಲಾರರು. ಉಂಡ ಮೇಲೆ ಹೊಟ್ಟೆ ಬಿಗಿದುಕೊಳ್ಳುವುದು, ತೇಗು ಬರುವುದು, ಕರುಳು ಗುಡುಗುಟ್ಟುವುದು, ಅಪಾನವಾಯು ಸರಿಯುವುದು, ಇವೆಲ್ಲ ರಾಯನಿಗೂ ರೈತನಿಗೂ ಸಮಾನವಾದುವು. ನಾನು ವೈದ್ಯನಲ್ಲ, ಚರಿತ್ರೆಯನ್ನು ಬೋಧಿಸುವವನು. ಆದುದರಿಂದ ಔಷಧದ ಚೀಟಿಯನ್ನು ಯಾರೂ ನನ್ನಿಂದ ನಿರೀಕ್ಷಿಸಬಾರದು. ಹೊಟ್ಟೆಯೊಳಗಿನ ಗಾಳಿ ಎಲ್ಲಿಂದ ಬಂದಿತು ಎಂಬ ಪ್ರಶ್ನೆಗೆ ಮನುಷ್ಯನು ಎರಡು ಸಾವಿರ ವರ್ಷಗಳಿಗೂ ಮೀರಿ ಏನೇನು ಉತ್ತರಗಳನ್ನು ಕೊಟ್ಟುಕೊಂಡು ಬಂದಿದ್ದಾನೆ, ಅವುಗಳಲ್ಲಿ ಯಾವುದು ನಿಂತಿತು, ಯಾವುದು ಬಿದ್ದಿತು ಎಂಬುದಷ್ಟೇ ಇಲ್ಲಿಯ ವಿಚಾರ.

ನಮ್ಮ ಮನೆಗಳಲ್ಲಿ ಈ ಬಾಧೆಗೆ ಎರಡು ಹೆಸರುಗಳು ಬಳಕೆಯಲ್ಲಿವೆ. ಅಜ್ಜಿಯರು ‘ವಾಯು’ ಎನ್ನುವರು. ಮೊಮ್ಮಕ್ಕಳು ‘ಗ್ಯಾಸ್’ ಎನ್ನುವರು. ವಾಯುವೆಂಬ ಮಾತಿನ ವ್ಯಾಪ್ತಿ ಎಷ್ಟೆಂದರೆ, ಮಂಡಿ ಹಿಡಿದರೂ ವಾಯು, ಸೊಂಟ ಸೆಳೆದರೂ ವಾಯು, ಬಾಯಿ ಸೊಟ್ಟಗಾದರೂ ವಾಯು, ಅವರೆಕಾಯಿ ಹುಳಿ ಉಂಡು ಹೊಟ್ಟೆಯುಬ್ಬಿದರೂ ವಾಯುವೇ. ಇದು ಬರಿಯ ಮಾತಿನ ಸಡಿಲತೆಯೆಂದು ತಿಳಿಯಬಾರದು. ಆ ಒಂದು ಮಾತಿನ ಹಿಂದೆ ಒಂದು ಇಡೀ ಶಾಸ್ತ್ರವಿದೆ. ‘ಗ್ಯಾಸ್’ ಎಂಬುದರ ಹಿಂದೆಯೂ ಮತ್ತೊಂದು ಶಾಸ್ತ್ರವಿದೆ. ಅದನ್ನು ನುಡಿಯುವವರಿಗೆ ಅದರ ಅರಿವಿಲ್ಲ, ಅಷ್ಟೇ.

ಮೊದಲನೆಯ ಶಾಸ್ತ್ರವನ್ನು ನೋಡೋಣ. ಆಯುರ್ವೇದದಲ್ಲಿ ವಾತವೆಂದರೆ ಹೊಟ್ಟೆಯೊಳಗಿನ ಗಾಳಿ ಮಾತ್ರವಲ್ಲ, ದೇಹದಲ್ಲಿ ಚಲನೆಯೆಂಬುದು ಎಲ್ಲೆಲ್ಲಿ ಉಂಟೋ ಅಲ್ಲೆಲ್ಲ ಇರುವ ಶಕ್ತಿ. ಪ್ರಾಣ, ಉದಾನ, ಸಮಾನ, ವ್ಯಾನ, ಅಪಾನವೆಂದು ಅದಕ್ಕೆ ಐದು ಭೇದಗಳು. ಅಪಾನದ ಕ್ಷೇತ್ರ ಪಕ್ವಾಶಯ, ಎಂದರೆ ದೊಡ್ಡ ಕರುಳಿನ ಪ್ರದೇಶ. ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯವು ತಡೆಯಬಾರದ ವೇಗಗಳ ವಿಚಾರ. ಅಲ್ಲಿ ಎಣಿಸಿರುವ ಹದಿಮೂರು ವೇಗಗಳಲ್ಲಿ ಅಧೋವಾಯುವೂ ತೇಗೂ ಸೇರಿವೆ. ಅಧೋವಾಯುವನ್ನು ಬಲಾತ್ಕಾರವಾಗಿ ತಡೆದರೆ ಮಲಮೂತ್ರಗಳು ಕಟ್ಟಿ, ಹೊಟ್ಟೆಯುಬ್ಬಿ, ನೋವೂ ಆಯಾಸವೂ ಆಗುವುವೆಂದು ಆಚಾರ್ಯನ ಅಭಿಪ್ರಾಯ. ಸುಶ್ರುತನು ಇನ್ನೂ ಸೂಕ್ಷ್ಮವಾಗಿ ನೋಡಿದನು. ಪಕ್ವಾಶಯದಲ್ಲಿ ಗುಡುಗುಡು ಶಬ್ದದೊಡನೆ, ನೋವಿನೊಡನೆ ಹೊಟ್ಟೆ ಉಬ್ಬುವುದನ್ನು ಆಧ್ಮಾನವೆಂದೂ, ಅದೇ ಬಾಧೆ ಮೇಲೆ ಆಮಾಶಯದಲ್ಲಿ ಹುಟ್ಟಿದರೆ ಪ್ರತ್ಯಾಧ್ಮಾನವೆಂದೂ ಬೇರೆಬೇರೆ ಹೆಸರಿಟ್ಟನು. ಮೇಲಿನ ಗಾಳಿಯೇ ಬೇರೆ, ಕೆಳಗಿನ ಗಾಳಿಯೇ ಬೇರೆ ಎಂಬ ಈ ವಿವೇಕವನ್ನು ಶ್ರೋತೃಗಳು ನೆನಪಿನಲ್ಲಿಡಬೇಕು; ಯೂರೋಪಿನ ರಸಾಯನಶಾಸ್ತ್ರಜ್ಞರು ಬಹುಕಾಲದ ಮೇಲೆ ತಮ್ಮದೇ ದಾರಿಯಲ್ಲಿ ಅಲ್ಲಿಗೇ ಬಂದು ಸೇರಿದರು.

ಗ್ರೀಕರಲ್ಲಿಯೂ ಇದಕ್ಕೆ ಸಮೀಪವಾದ ವಾದವೊಂದಿತ್ತು. ಹಿಪೊಕ್ರಟೀಸನ ಹೆಸರಿನಲ್ಲಿ ಬಂದಿರುವ ಗ್ರಂಥಸಮೂಹದಲ್ಲಿ ‘ಗಾಳಿಗಳನ್ನು ಕುರಿತು’ ಎಂಬ ಪುಟ್ಟ ಪ್ರಬಂಧವಿದೆ. ಸಕಲ ರೋಗಗಳಿಗೂ ದೇಹದೊಳಗಿನ ಗಾಳಿಯೊಂದೇ ಕಾರಣವೆಂದು ಅದು ಸಾಧಿಸಹೊರಡುತ್ತದೆ. ಅನ್ನಪಾನಗಳೊಡನೆ ಗಾಳಿಯೂ ಒಳಗೆ ಹೋಗುತ್ತದೆ, ತೇಗೇ ಅದಕ್ಕೆ ಸಾಕ್ಷಿ ಎಂಬುದು ಅದರ ಒಂದು ಯುಕ್ತಿ. ಫ್ರೆಂಚ್ ವಿದ್ವಾಂಸನಾದ ಝಾಂ ಫಿಲಿಯೋಝಾ 1949ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಗ್ರೀಕ್ ವಾದವನ್ನೂ ನಮ್ಮ ವಾತಶಾಸ್ತ್ರವನ್ನೂ ಎದುರುಬದುರಾಗಿಟ್ಟು ಪರಿಶೀಲಿಸಿದನು. ಯಾರು ಯಾರಿಂದ ಕಲಿತರೆಂಬ ಜಗಳಕ್ಕೆ ನಾನು ಹೋಗುವುದಿಲ್ಲ. ಹೊಟ್ಟೆ ಗುಡುಗುವುದನ್ನು ಕೇಳಲು ಯಾವ ಜನಾಂಗಕ್ಕೂ ಪರದೇಶದ ಗುರು ಬೇಕಾಗಲಾರದು.

ದ್ವಿದಳಧಾನ್ಯಗಳ ಅಪಕೀರ್ತಿಯೂ ಬಹು ಹಳೆಯದು. ಪೈಥಾಗೊರಾಸನ ಶಿಷ್ಯರು ಅವರೆಯ ಜಾತಿಯ ಕಾಳುಗಳನ್ನು ವರ್ಜಿಸಿದ್ದರು. ಅವು ಹೊಟ್ಟೆಯನ್ನು ಉಬ್ಬಿಸಿ, ಸತ್ಯವನ್ನು ಅರಸುವವನ ಮನಶ್ಶಾಂತಿಯನ್ನು ಕೆಡಿಸುವುದೇ ಇದಕ್ಕೆ ಕಾರಣವೆಂದು ರೋಮಿನ ಸಿಸೆರೊ ತಿಳಿಸಿದ್ದಾನೆ. ರೋಮಿನ ಚಕ್ರವರ್ತಿ ಕ್ಲಾಡಿಯಸನ ಸಂಗತಿ ಇನ್ನೂ ಸ್ವಾರಸ್ಯವಾದುದು. ಔತಣದಲ್ಲಿ ನಾಚಿಕೆಯಿಂದ ವಾಯುವನ್ನು ತಡೆದುಕೊಂಡು ಒಬ್ಬನು ಪ್ರಾಣಾಪಾಯಕ್ಕೆ ಸಿಕ್ಕಿದನೆಂದು ಕೇಳಿ, ಭೋಜನಶಾಲೆಯಲ್ಲಿ ಅದನ್ನು ಬಿಡಲು ಅನುಮತಿ ಕೊಡುವ ರಾಜಶಾಸನವನ್ನೇ ಹೊರಡಿಸಲು ಅವನು ಯೋಚಿಸಿದನಂತೆ. ಚರಿತ್ರಕಾರ ಸ್ಯೂಟೋನಿಯಸನು ಇದನ್ನು ಪರಿಹಾಸಕ್ಕಾಗಿ ಬರೆದನೋ ಏನೋ. ಚರಕನನ್ನು ಓದಿದವರಿಗೆ ಚಕ್ರವರ್ತಿಯ ಪಕ್ಷವೇ ನ್ಯಾಯವಾಗಿ ತೋರುವುದು.

ಮಧ್ಯಯುಗವನ್ನು ಬೇಗನೆ ದಾಟಬಹುದು. ಅಲ್ಲಿ ಹಳೆಯ ಮಾತುಗಳ ಪುನರುಕ್ತಿಯೇ ಹೆಚ್ಚು. 1621ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬರ್ಟನ್ ವಿಷಣ್ಣತೆಯನ್ನು ಕುರಿತ ತನ್ನ ಮಹಾಗ್ರಂಥದಲ್ಲಿ ‘ಗಾಳಿಯ ವಿಷಣ್ಣತೆ’ ಎಂಬ ಒಂದು ಪ್ರಭೇದವನ್ನು ಹೇಳಿರುವುದನ್ನು ಮಾತ್ರ ಇಲ್ಲಿ ಕಾಣಿಸುತ್ತೇನೆ. ಪಕ್ಕೆಲುಬಿನ ಕೆಳಗೆ ಗಾಳಿ ತುಂಬಿ ಅದರಿಂದ ಮನಸ್ಸು ಕುಗ್ಗುವ ಸ್ಥಿತಿ ಅದು. ಹೊಟ್ಟೆಗೂ ಮನಸ್ಸಿಗೂ ನಂಟುಂಟೆಂಬ ಆ ಕಾಲದ ನಂಬಿಕೆಯನ್ನು ನಮ್ಮ ಕಾಲದ ವೈದ್ಯರು ಬೇರೆಯ ರೂಪದಲ್ಲಿ ಮರಳಿ ಅಂಗೀಕರಿಸಿದ್ದಾರೆ.

ಈಗ ಎರಡನೆಯ ಹೆಸರಿಗೆ ಬರೋಣ. ‘ಗ್ಯಾಸ್’ ಎಂಬ ಪದವನ್ನು ಸೃಷ್ಟಿಸಿದವನು ಬ್ರಸಲ್ಸ್ ನಗರದಲ್ಲಿ ಹುಟ್ಟಿದ ಯಾನ್ ಬಾಪ್ಟಿಸ್ಟಾ ವಾನ್ ಹೆಲ್ಮಂಟ್. ಅವನು 1644ರಲ್ಲಿ ತೀರಿಕೊಂಡನು. ಅವನ ಬರಹಗಳನ್ನು ಮಗನು 1648ರಲ್ಲಿ ಪ್ರಕಟಿಸಿದನು. ಅರುವತ್ತೆರಡು ಪೌಂಡು ಇದ್ದಿಲನ್ನು ಸುಟ್ಟರೆ ಒಂದು ಪೌಂಡು ಬೂದಿ ಉಳಿಯುತ್ತದೆ. ಮಿಕ್ಕುದು ಎಲ್ಲಿ ಹೋಯಿತು? ಪಾತ್ರೆಯಲ್ಲಿ ಹಿಡಿದಿಡಲಾಗದ ಒಂದು ಸೂಕ್ಷ್ಮದ್ರವ್ಯವಾಗಿ ಹಾರಿಹೋಯಿತೆಂದು ಅವನು ಊಹಿಸಿ, ಗ್ರೀಕಿನ ‘ಖಾವೋಸ್’, ಎಂದರೆ ಅವ್ಯಕ್ತ, ಎಂಬ ಮಾತಿನಿಂದ ಈ ಹೊಸ ಪದವನ್ನು ಮಾಡಿಕೊಂಡನು. ಹುಳಿಯುವ ದ್ರಾಕ್ಷಾರಸದಲ್ಲಿಯೂ ಅದೇ ವಸ್ತುವನ್ನು ಕಂಡನು. ನಮ್ಮ ವಿಷಯಕ್ಕೆ ಮುಖ್ಯವಾದದ್ದೆಂದರೆ, ಅವನು ಕರುಳಿನ ಗಾಳಿಯನ್ನೂ ಪರೀಕ್ಷಿಸಿದನು. ಜಠರದಿಂದ ಬಂದ ತೇಗು ದೀಪವನ್ನು ನಂದಿಸುತ್ತದೆ. ಕೊನೆಯ ಕರುಳಿನ ವಾಯುವಾದರೋ ಜ್ವಾಲೆಗೆ ತಾಗಿದರೆ ತಾನೇ ಹೊತ್ತಿಕೊಳ್ಳುತ್ತದೆ. ಆಧ್ಮಾನ ಮತ್ತು ಪ್ರತ್ಯಾಧ್ಮಾನಗಳ ಭೇದಕ್ಕೆ ದೀಪವೇ ಸಾಕ್ಷಿಯಾಗಿ ನಿಂತಂತಾಯಿತು. ಈ ದಿನ ನಮ್ಮ ಊರುಗಳಲ್ಲಿ ‘ಗ್ಯಾಸ್ ಆಗಿದೆ’ ಎಂದು ಹೊಟ್ಟೆ ಸವರಿಕೊಳ್ಳುವವನು ಆ ಬ್ರಸಲ್ಸ್ ಪಂಡಿತನ ನಾಣ್ಯವನ್ನೇ ಚಲಾಯಿಸುತ್ತಿದ್ದಾನೆ.

ಮುಂದಿನ ಶತಮಾನದ ಒಂದು ವಿನೋದವನ್ನು ಬಿಡುವುದಕ್ಕೆ ಮನಸ್ಸಾಗದು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಫ್ರಾನ್ಸಿನಲ್ಲಿ ರಾಯಭಾರಿಯಾಗಿದ್ದಾಗ, 1781ರ ಸುಮಾರಿನಲ್ಲಿ, ಬ್ರಸಲ್ಸಿನ ರಾಜವಿದ್ವತ್ಸಭೆಯನ್ನು ಸಂಬೋಧಿಸಿ ಒಂದು ಪರಿಹಾಸಲೇಖವನ್ನು ಬರೆದನು. ನಿಷ್ಪ್ರಯೋಜಕವಾದ ಗಣಿತಸಮಸ್ಯೆಗಳಿಗೆ ಬಹುಮಾನ ಕೊಡುವ ಬದಲು, ಅಪಾನವಾಯುವನ್ನು ಸುಗಂಧವಾಗಿಸುವ ಔಷಧವನ್ನು ಕಂಡುಹಿಡಿದವನಿಗೆ ಅದನ್ನು ಕೊಡಿರೆಂಬುದು ಅದರ ತಾತ್ಪರ್ಯ. ಆ ಬಹುಮಾನವನ್ನು ಈವರೆಗೆ ಯಾರೂ ಗೆದ್ದಿಲ್ಲ.

ವಿನೋದದಿಂದ ಘೋರಕ್ಕೆ ಬರಬೇಕಾಗಿದೆ. 1816ರಲ್ಲಿ ಪ್ಯಾರಿಸಿನಲ್ಲಿ ಶರೀರಶಾಸ್ತ್ರಜ್ಞ ಮಾಝೆಂದಿ ಮತ್ತು ರಸಾಯನಜ್ಞ ಶೆವ್ರಲ್ ಎಂಬಿಬ್ಬರು ಮನುಷ್ಯನ ಕರುಳಿನ ಗಾಳಿಯ ಮೊದಲ ಕ್ರಮಬದ್ಧ ವಿಶ್ಲೇಷಣೆಯನ್ನು ಪ್ರಕಟಿಸಿದರು. ಗಾಳಿ ದೊರೆತದ್ದು ಎಲ್ಲಿಂದ? ಮರಣದಂಡನೆಗೆ ಗುರಿಯಾದ ಯುವಕರ ಶವಗಳಿಂದ. ಸಾಯುವುದಕ್ಕೆ ಸ್ವಲ್ಪ ಮುಂಚೆ ಅವರು ಏನು ಉಂಡರೆಂಬುದು ಲೆಕ್ಕದಲ್ಲಿತ್ತು. ರೊಟ್ಟಿ, ಗ್ರುಯೇರ್ ಗಿಣ್ಣು, ನೀರು ಬೆರೆಸಿದ ದ್ರಾಕ್ಷಾರಸ: ಒಬ್ಬನ ಕಡೆಯ ಊಟ ಅದು. ಅವನ ಹೆಸರನ್ನು ಶಾಸ್ತ್ರ ಉಳಿಸಿಕೊಳ್ಳಲಿಲ್ಲ. ಅವನ ಜಠರದ ಗಾಳಿಯಲ್ಲಿ ಪ್ರತಿಶತ ಎಷ್ಟು ಭಾಗ ಯಾವುದೆಂಬುದನ್ನು ಉಳಿಸಿಕೊಂಡಿತು. ಜಠರದಲ್ಲಿ ಆಮ್ಲಜನಕವಿತ್ತು, ಕೆಳಗಿನ ಕರುಳುಗಳಲ್ಲಿ ಅದಿರಲಿಲ್ಲ. ಅಲ್ಲಿದ್ದುದು ಇಂಗಾಲಾಮ್ಲ ವಾಯು, ಜಲಜನಕ, ಸಾರಜನಕ, ಮತ್ತು ದೊಡ್ಡ ಕರುಳಿನಲ್ಲಿ ನಾವೀಗ ಮೀಥೇನ್ ಎಂದು ಕರೆಯುವ, ಕೆಸರಿನ ಗುಳ್ಳೆಗಳಲ್ಲಿ ಸಿಕ್ಕುವ ವಾಯು. ಎಂದರೆ, ಮೇಲಿನದು ನುಂಗಿದ ಗಾಳಿ. ಕೆಳಗಿನದು ಅಲ್ಲಿಯೇ ಹುಟ್ಟಿದ ಗಾಳಿ. ಈ ಶೆವ್ರಲ್ ಒಟ್ಟು 102 ವರ್ಷ ಬದುಕಿ 1889ರಲ್ಲಿ ತೀರಿಕೊಂಡನು.

ಹುಟ್ಟಿದ್ದು ಹೇಗೆಂಬುದಕ್ಕೆ ಉತ್ತರ 1860ರ ದಶಕದ ಆಸುಪಾಸಿನಲ್ಲಿ ಎರಡು ಕಡೆಯಿಂದ ಬಂದಿತು. ಅರ್ನ್ಸ್ಟ್ ರೂಗೆ ಎಂಬವನು ಜೀವಂತ ಮನುಷ್ಯರಿಗೆ ಹಾಲು, ಮಾಂಸ, ಕಾಳುಗಳ ಊಟಗಳನ್ನು ಬೇರೆಬೇರೆಯಾಗಿ ಕೊಟ್ಟು ಹೊರಬಂದ ವಾಯುವನ್ನು ಅಳೆದನು. ಹಾಲಿನ ಊಟದಲ್ಲಿ ಜಲಜನಕವೂ ಕಾಳಿನ ಊಟದಲ್ಲಿ ಮೀಥೇನೂ ಹೆಚ್ಚಿದುವು. ಪ್ಯಾಶ್ಚರನು 1861ರಲ್ಲಿ ಗಾಳಿಯ ಸಂಪರ್ಕವೇ ಇಲ್ಲದೆ ಬಾಳುವ, ಬಾಳುತ್ತ ವಾಯುಗಳನ್ನು ಹೊರಬಿಡುವ ಸೂಕ್ಷ್ಮಜೀವಿಗಳನ್ನು ತೋರಿಸಿದನು. ನಮ್ಮ ದೊಡ್ಡ ಕರುಳೆಂಬುದು ದೋಸೆಯ ಹಿಟ್ಟು ಹುಳಿಯುವ ಪಾತ್ರೆಯಂತೆ ಒಂದು ಕಿಣ್ವಪಾತ್ರೆ. ನಾವು ಜೀರ್ಣಿಸಿಕೊಳ್ಳಲಾರದೆ ಕೆಳಕ್ಕೆ ಬಿಟ್ಟದ್ದು ಅಲ್ಲಿಯ ಅಸಂಖ್ಯಾತ ನಿವಾಸಿಗಳಿಗೆ ಔತಣ. ಅವರ ಉಸಿರೇ ನಮ್ಮ ವಾಯು.

ಈ ತಿಳಿವಳಿಕೆ ಬಂದೊಡನೆ ಮನುಷ್ಯನು ವಿವೇಕಿಯಾದನೆಂದು ಎಣಿಸಬೇಡಿರಿ. ಸೂಕ್ಷ್ಮಜೀವಿಗಳೆಂದರೆ ಶತ್ರುಗಳೆಂಬ ಭಯ ಹುಟ್ಟಿತು. 1908ರಲ್ಲಿ ನೊಬೆಲ್ ಬಹುಮಾನವನ್ನು ಪಡೆದ ಮೆಚ್ನಿಕಾಫನಂಥ ಪಂಡಿತನೂ ದೊಡ್ಡ ಕರುಳು ವಿಷದ ಕೊಪ್ಪರಿಗೆ, ಮುಪ್ಪಿಗೆ ಅದೇ ಕಾರಣವೆಂದು ನಂಬಿ, ಹುಳಿಮೊಸರನ್ನು ಹೊಗಳಿದನು. ಮೊಸರನ್ನು ಉಂಡವರಿಗೆ ಕೇಡೇನೂ ಆಗಲಿಲ್ಲ. ಆದರೆ ಲಂಡನ್ನಿನ ಶಸ್ತ್ರವೈದ್ಯ ಆರ್ಬತ್ನಟ್ ಲೇನ್ ಈ ವಾದವನ್ನು ಕತ್ತಿಯ ತುದಿಗೆ ತಂದು, ಮಲಬದ್ಧತೆಯಿಂದ ನರಳುತ್ತಿದ್ದವರ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯತೊಡಗಿದನು. ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಅರ್ಧ ಸತ್ಯವೊಂದು ಕತ್ತಿ ಹಿಡಿದ ಸಂದರ್ಭಗಳಲ್ಲಿ ಇದು ಒಂದು. 1919ರಲ್ಲಿ ಅಮೆರಿಕದ ವಾಲ್ಟರ್ ಆಲ್ವರೆಜ್ ಇದನ್ನು ಖಂಡಿಸಿ, ಆ ತಲೆನೋವು ಜಡತೆಗಳಿಗೆ ರಕ್ತಕ್ಕೇರಿದ ವಿಷ ಕಾರಣವಲ್ಲ, ಕರುಳು ಹಿಗ್ಗಿ ನರಗಳು ಕೆರಳುವುದೇ ಕಾರಣವೆಂದು ವಾದಿಸಿದನು. ಈ ಆಲ್ವರೆಜನ ಹೆಸರು ಇನ್ನೊಮ್ಮೆ ಬರಲಿದೆ.

ಇಪ್ಪತ್ತನೆಯ ಶತಮಾನದಲ್ಲಿ ಈ ವಿಷಯಕ್ಕೆ ಪ್ರತಿಷ್ಠೆ ತಂದುಕೊಟ್ಟುದು ಆಕಾಶಯಾನ. ಮೇಲೇರಿದಂತೆ ವಾಯುಭಾರ ಇಳಿಯುತ್ತದೆ; ಬಾಯ್ಲನ ನಿಯಮದಂತೆ ಹೊಟ್ಟೆಯೊಳಗಿನ ಗಾಳಿ ಹಿಗ್ಗುತ್ತದೆ. ಸುಮಾರು 5,500 ಮೀಟರು ಎತ್ತರದಲ್ಲಿ ಅದು ಇಮ್ಮಡಿಯಾಗುವುದು. ಗಗನಯಾತ್ರಿಗಳ ಕಾಲ ಬಂದಾಗ ಚಿಂತೆ ಮತ್ತೊಂದಾಯಿತು: ಮುಚ್ಚಿದ ಕೋಣೆಯಲ್ಲಿ ದಿನಗಟ್ಟಲೆ ಕುಳಿತವರು ಹೊರಬಿಡುವ ಜಲಜನಕವೂ ಮೀಥೇನೂ ಹೊತ್ತಿಕೊಳ್ಳುವ ವಾಯುಗಳಲ್ಲವೆ? 1960ರ ದಶಕದಲ್ಲಿ ಕ್ಯಾಲಿಫೋರ್ನಿಯದ ಡೋರಿಸ್ ಕ್ಯಾಲೊವೇ ಎಂಬ ವಿದುಷಿ ಆಹಾರಕ್ಕೂ ಈ ವಾಯುಗಳಿಗೂ ಇರುವ ಸಂಬಂಧವನ್ನು ಉಸಿರಿನ ಪರೀಕ್ಷೆಯಿಂದ ಅಳೆದಳು. ಭಯ ನಿರಾಧಾರವಾಗಿರಲಿಲ್ಲ. 1979ರಲ್ಲಿ ಫ್ರಾನ್ಸಿನಿಂದ ಬಂದ ವೈದ್ಯವರದಿಯೊಂದು, ಕರುಳನ್ನು ಶುದ್ಧಿಮಾಡಲು ಮ್ಯಾನಿಟಾಲ್ ಎಂಬ ಸಕ್ಕರೆಯ ಜಾತಿಯ ದ್ರವ್ಯವನ್ನು ಕುಡಿಸಿ, ಬಳಿಕ ವಿದ್ಯುತ್ತಿನಿಂದ ಗಂಟೊಂದನ್ನು ಸುಡುತ್ತಿದ್ದಾಗ ರೋಗಿಯ ಕರುಳಿನೊಳಗೇ ಸ್ಫೋಟವಾಗಿ ಆತನು ಮೃತಪಟ್ಟುದನ್ನು ದಾಖಲಿಸಿತು.

ಕಾಳಿನ ರಹಸ್ಯವೂ ಆ ಕಾಲದಲ್ಲಿಯೇ ಬಯಲಾಯಿತು. ಅವರೆ, ಕಡಲೆ, ಹುರುಳಿ, ಉದ್ದುಗಳಲ್ಲಿ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳಿವೆ. ಅವುಗಳನ್ನು ಬಿಡಿಸುವ ಕಿಣ್ವ ಮನುಷ್ಯನ ಕರುಳಿನಲ್ಲಿಲ್ಲ. ಅವು ಹಾಗೆಯೇ ಕೆಳಗಿಳಿದು ಸೂಕ್ಷ್ಮಜೀವಿಗಳ ಪಾಲಾಗುತ್ತವೆ. ನಮ್ಮ ಗೃಹಿಣಿಯರು ಕಾಳನ್ನು ರಾತ್ರಿ ನೆನೆಯಿಟ್ಟು ನೀರು ಚೆಲ್ಲುವರಷ್ಟೆ. ಆ ನೀರಿನೊಡನೆ ಈ ಸಕ್ಕರೆಯ ಒಂದು ಭಾಗ ಹೊರಟುಹೋಗುತ್ತದೆ. ಮೊಳಕೆ ಕಟ್ಟಿದರೆ ಇನ್ನೂ ಲೇಸು: ಬೀಜವು ಆ ಸಕ್ಕರೆಯನ್ನು ತನ್ನ ಕುಡಿಯನ್ನು ಬೆಳಸಲೆಂದೇ ಕೂಡಿಟ್ಟುಕೊಂಡದ್ದು; ಮೊಳೆಯುವಾಗ ತಾನೇ ಖರ್ಚುಮಾಡುತ್ತದೆ. ಹಿತಕಿದವರೆಯ ಸಾರಿಗೆ ಇಂಗು ಹಾಕುವ ಪದ್ಧತಿಯೂ ಅರ್ಥವಿಲ್ಲದುದಲ್ಲ. ಇಂಗು ಆ ಸಕ್ಕರೆಯನ್ನು ತೆಗೆಯದು. ಆದರೆ ಪ್ರಾಣಿಗಳ ಕರುಳಿನ ಮೇಲೆ ನಡೆದ ಪ್ರಯೋಗಗಳಲ್ಲಿ ಅದು ಸೆಳೆತವನ್ನು ಸಡಿಲಿಸುವುದು ಕಂಡುಬಂದಿದೆ. ಹಿಂಗ್ವಷ್ಟಕ ಚೂರ್ಣವನ್ನು ಮೊದಲ ತುತ್ತಿನೊಡನೆ ಸೇವಿಸುವ ವಾಡಿಕೆ ನಮ್ಮಲ್ಲಿ ಹಳೆಯದು. ಆ ಇಂಗಾದರೋ ಶತಮಾನಗಳಿಂದ ಪಾರಸಿಕ ಮತ್ತು ಅಫಘಾನ ದೇಶಗಳಿಂದ ಬರುತ್ತಿದ್ದ ಸರಕು. ಭಾರತದ ನೆಲದಲ್ಲಿ, ಹಿಮಾಚಲದ ಲಾಹೌಲಿನಲ್ಲಿ, ಅದರ ಸಸಿ ನೆಡುವ ಪ್ರಯತ್ನ ನಡೆದದ್ದು 2020ರಲ್ಲಿ.

ಹಾಲಿನ ವಿಷಯದಲ್ಲಿ ನಮ್ಮ ಅಭಿಮಾನಕ್ಕೆ ಸ್ವಲ್ಪ ಪೆಟ್ಟು ಬೀಳುತ್ತದೆ. ಹಾಲುಸಕ್ಕರೆಯನ್ನು ಜೀರ್ಣಿಸುವ ಕಿಣ್ವ ಶೈಶವ ಕಳೆದ ಮೇಲೆ ಕುಗ್ಗುವುದೇ ಮನುಷ್ಯಜಾತಿಯಲ್ಲಿ ಸಾಮಾನ್ಯ. ಪ್ರೌಢವಯಸ್ಸಿನಲ್ಲಿಯೂ ಅದನ್ನು ಉಳಿಸಿಕೊಂಡವರೇ ಅಲ್ಪಸಂಖ್ಯಾತರು. ಭಾರತದ ವಾಯವ್ಯ ಭಾಗದಲ್ಲಿ ಅಂಥವರು ಹೆಚ್ಚು, ದಕ್ಷಿಣದಲ್ಲಿ ಕಡಮೆ. ಹಾಲು ಕುಡಿದರೆ ಹೊಟ್ಟೆಯುಬ್ಬುವ ಕನ್ನಡಿಗನಿಗೆ ಮಜ್ಜಿಗೆ ಹಿಡಿಸುವುದೇಕೆಂದರೆ, ಆ ಸಕ್ಕರೆಯ ಸ್ವಲ್ಪ ಭಾಗವನ್ನು ಹೆಪ್ಪಿನ ಜೀವಿಗಳು ಆಗಲೇ ತಿಂದಿರುತ್ತವೆ. ಅಮೆರಿಕದ ಮೈಕೇಲ್ ಲೆವಿಟ್ 1976ರಲ್ಲಿ ಒಬ್ಬ ರೋಗಿಯ ಚರಿತ್ರೆಯನ್ನು ಪ್ರಕಟಿಸಿದನು. ಆ ಯುವಕನು ದಿನಕ್ಕೆ ಸರಾಸರಿ 34 ಸಲ ವಾಯು ಬಿಡುತ್ತಿದ್ದುದನ್ನು ತಾನೇ ಬರೆದಿಟ್ಟಿದ್ದನು. ಹಾಲೇ ಅವನ ಮುಖ್ಯ ಶತ್ರುವೆಂದು ಕಡೆಗೆ ಗೊತ್ತಾಯಿತು. ಆರೋಗ್ಯವಂತನು ದಿನಕ್ಕೆ ಎಷ್ಟು ವಾಯುವನ್ನು ಬಿಡುವನೆಂಬುದಕ್ಕೂ ಲೆಕ್ಕವುಂಟು: 1991ರಲ್ಲಿ ಇಂಗ್ಲೆಂಡಿನಲ್ಲಿ ಹತ್ತು ಮಂದಿಗೆ ವಾಡಿಕೆಯ ಊಟದೊಡನೆ 200 ಗ್ರಾಂ ಬೇಯಿಸಿದ ಕಾಳನ್ನು ಕೊಟ್ಟು ಅಳೆದಾಗ, 476ರಿಂದ 1,491 ಮಿಲಿಲೀಟರುಗಳವರೆಗೆ ಬಂದಿತು. ಕೆಲವರ ಕರುಳಿನಲ್ಲಿರುವ ಒಂದು ಬಗೆಯ ಸೂಕ್ಷ್ಮಜೀವಿ ನಾಲ್ಕು ಪಾಲು ಜಲಜನಕವನ್ನೂ ಒಂದು ಪಾಲು ಇಂಗಾಲಾಮ್ಲ ವಾಯುವನ್ನೂ ಕೂಡಿಸಿ ಒಂದೇ ಪಾಲು ಮೀಥೇನನ್ನಾಗಿ ಮಾಡುತ್ತದೆ. ಐದು ಒಂದಾಗುವ ಈ ಉಪಕಾರ ಹೊಟ್ಟೆಯೊಳಗೆ ಸದ್ದಿಲ್ಲದೆ ನಡೆಯುತ್ತಿರುತ್ತದೆ.

ಇಷ್ಟಾದ ಮೇಲೆ ಕಥೆ ಮುಗಿಯಿತೆನ್ನಬಹುದಾಗಿತ್ತು: ಗಾಳಿ ಹೆಚ್ಚಾದರೆ ಹೊಟ್ಟೆ ಉಬ್ಬುವುದು. ಆದರೆ 1975ರಲ್ಲಿ ಲೆವಿಟ್ಟನೂ ಅವನ ಸಂಗಡಿಗರೂ ಹೊಟ್ಟೆಯುಬ್ಬರವೆಂದು ನರಳುತ್ತಿದ್ದವರ ಕರುಳಿಗೆ ಆರ್ಗಾನ್ ವಾಯುವನ್ನು ಹಾಯಿಸಿ ಒಳಗಿನ ಗಾಳಿಯನ್ನೆಲ್ಲ ತೊಳೆದು ಅಳೆದರು. ರೋಗಿಗಳಲ್ಲಿ ಸರಾಸರಿ 176 ಮಿಲಿಲೀಟರು, ಆರೋಗ್ಯವಂತರಲ್ಲಿ 199. ವ್ಯತ್ಯಾಸವೆನ್ನುವಂಥದೇನೂ ಇಲ್ಲ! ಹಾಗಾದರೆ ಅವರ ಬಾಧೆ ಸುಳ್ಳೆ? ಆಲ್ವರೆಜ್ 1949ರಲ್ಲಿಯೇ ಗಾಳಿಯಿಲ್ಲದೆ ಉಬ್ಬುವ ಹೊಟ್ಟೆಗಳನ್ನು ವರ್ಣಿಸಿ, ಅವಕ್ಕೆ ‘ಹಿಸ್ಟೀರಿಯಾ ಬಗೆಯ’ ಉಬ್ಬರವೆಂದು ಹೆಸರಿಟ್ಟಿದ್ದನು. ಅವನ ಕಣ್ಣು ಚುರುಕಾದುದು. ಅವನು ಕೊಟ್ಟ ಹೆಸರು ಮಾತ್ರ ಅನ್ಯಾಯದ್ದು. ಆ ಹೆಸರಿನ ನೆರಳಿನಲ್ಲಿ ಎಷ್ಟು ಮಂದಿ ಹೆಂಗಸರು ‘ಎಲ್ಲ ನಿನ್ನ ಮನಸ್ಸಿನದು’ ಎಂದೆನಿಸಿಕೊಂಡು ವೈದ್ಯರ ಬಾಗಿಲಿನಿಂದ ಹಿಂದಿರುಗಿರಬೇಕು!

ಬಾರ್ಸಿಲೋನದ ಮಾಲಗೆಲಾಡ ಮತ್ತು ಅಸ್ಪಿರೋಸ್ ಎಂಬ ವೈದ್ಯರು ಈ ಗಂಟನ್ನು ಬಹುಮಟ್ಟಿಗೆ ಬಿಡಿಸಿದರು. 1990ರ ದಶಕದಿಂದ ಅವರು ಜನರ ಕರುಳಿಗೆ ಗೊತ್ತಾದ ಪ್ರಮಾಣದಲ್ಲಿ ವಾಯುವನ್ನು ಬಿಟ್ಟು ನೋಡಿದರು. ಬಹುಮಂದಿ ಆರೋಗ್ಯವಂತರು ಬಂದಷ್ಟನ್ನೂ ಬಂದಂತೆಯೇ ಹೊರಹಾಕಿದರು. ಬಾಧೆಯುಳ್ಳವರಲ್ಲಿ ಹಲವರಿಗೆ ಸ್ವಲ್ಪವೇ ಗಾಳಿ ಸಹಿಸಲಾಗದ ನೋವಾಯಿತು. ಮುಂದೆ ಒಳಗಣ ಚಿತ್ರಗಳನ್ನು ತೆಗೆದು ನೋಡಿದಾಗ ಇನ್ನೊಂದು ಸಂಗತಿ ಕಂಡಿತು. ಹೊಟ್ಟೆ ತುಂಬಿದಾಗ ಆರೋಗ್ಯವಂತನ ವಪೆ ಮೇಲಕ್ಕೆ ಸರಿದು ಜಾಗ ಕೊಡುತ್ತದೆ, ಹೊಟ್ಟೆಯ ಗೋಡೆ ಬಿಗಿಯುತ್ತದೆ. ಈ ರೋಗಿಗಳಲ್ಲಿ ಅದು ತಲೆಕೆಳಗು: ವಪೆ ಕೆಳಕ್ಕೊತ್ತುತ್ತದೆ, ಹೊಟ್ಟೆಯ ಗೋಡೆ ಸಡಿಲಾಗಿ ಮುಂದಕ್ಕೆ ಬರುತ್ತದೆ. ಗಾಳಿ ಅಷ್ಟೇ ಇದ್ದರೂ ಸೀರೆಯ ನೆರಿಗೆ ನಿಲ್ಲದಷ್ಟು ಹೊಟ್ಟೆ ಉಬ್ಬುವುದು ಪ್ರತ್ಯಕ್ಷ ಸತ್ಯ. ಇದು ಅರಿವಿಲ್ಲದೆ ನಡೆಯುವ ಸ್ನಾಯುಗಳ ತಪ್ಪು ತಾಳ. ಅಭ್ಯಾಸದಿಂದ ತಿದ್ದಬಹುದೆಂದೂ ಅವರು ತೋರಿಸಿದ್ದಾರೆ. ವಾತವೆಂದರೆ ಬರಿಯ ಗಾಳಿಯಲ್ಲ, ಚಲನೆಯನ್ನು ಆಳುವ ಶಕ್ತಿ ಎಂದ ಪ್ರಾಚೀನರನ್ನು ಇಲ್ಲಿ ನೆನೆಯುವುದು ಸಹಜ. ಆದರೆ ಅವರಿಗೆ ಇದೆಲ್ಲ ತಿಳಿದಿತ್ತೆಂದು ಹೇಳುವ ಧೈರ್ಯ ನನಗಿಲ್ಲ. ಊಹೆ ಬೇರೆ, ಅಳತೆ ಬೇರೆ.

ಹೆಸರಿನ ವಿಷಯವಾಗಿ ಒಂದು ಮಾತು ಉಳಿದಿದೆ. 1912ರಲ್ಲಿ ಶಿಕಾಗೋದ ಜೇಮ್ಸ್ ಹೆರಿಕ್ ಹೃದಯದ ರಕ್ತನಾಳ ಒಮ್ಮೆಗೇ ಮುಚ್ಚಿಕೊಳ್ಳುವ ರೋಗವನ್ನು ವಿವರಿಸಿದಾಗ, ಆ ನೋವು ಹೊಟ್ಟೆಯ ಮೇಲ್ಭಾಗದಲ್ಲಿ ಕಾಣಿಸಿಕೊಂಡು ಉದರರೋಗವೆಂದೇ ವೈದ್ಯರನ್ನು ಮೋಸಗೊಳಿಸುವುದೆಂದು ಎಚ್ಚರಿಸಿದ್ದನು. ಅದಕ್ಕೆ ಮುಂಚೆ ಇಂಥ ಸಾವುಗಳಿಗೆ ‘ತೀವ್ರ ಅಜೀರ್ಣ’ವೆಂಬ ಹೆಸರು ಸಲ್ಲುತ್ತಿತ್ತು. ನಮ್ಮಲ್ಲಿ ಅಜ್ಜಿಯ ‘ವಾಯು’ವಿಗೂ ಮೊಮ್ಮಗನ ‘ಗ್ಯಾಸಿ’ಗೂ ಆ ಕೆಲಸ ಇನ್ನೂ ತಪ್ಪಿಲ್ಲ. ಎದೆ ಬಿಗಿದು, ಬೆವರು ಸುರಿದು, ಎಡತೋಳು ಸೆಳೆಯುತ್ತಿರುವಾಗಲೂ ‘ಏನಿಲ್ಲ, ಗ್ಯಾಸ್ ಇರಬೇಕು’ ಎಂದು ಸೋಡಾ ತರಿಸಿ ಕುಡಿದು ಗೋಡೆಗೊರಗಿ ಕೂಡುವವರು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಆ ಸೋಡಾದಿಂದ ಬರುವ ತೇಗು ವಾನ್ ಹೆಲ್ಮಂಟನು ಇದ್ದಿಲ ಹೊಗೆಯಲ್ಲಿ ಕಂಡ ಅದೇ ಇಂಗಾಲಾಮ್ಲ ವಾಯು. ತೇಗು ಬಂದಿತು, ಇನ್ನು ಹಗುರಾಯಿತೆಂದು ಅವರು ಸಮಾಧಾನಪಡುತ್ತಿರುವಾಗ, ಆಸ್ಪತ್ರೆಗೆ ಹೋಗಬೇಕಾಗಿದ್ದ ಹೊತ್ತು ಕಳೆಯುತ್ತಿರುತ್ತದೆ.